ಹತ್ತು ಮಿಲಿಮೀಟರ್ ಪುಣ್ಯ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಮ್ಮ ಕಡೆ ಹೇಳುವುದುಂಟು. ಪಿಟ್ಸ್‌ಬರ್ಗಿನಲ್ಲಿ ಉಪ್ಪು ತಿನ್ನುವುದು ಗಾಡಿ, ನೀರು ಹೊಯ್ಯುವ ಕರ್ಮ ಅದರ ಯಜಮಾನನದು. ನವೆಂಬರ್ ಕೊನೆಗೆ ಟಿ.ವಿ.ಯಲ್ಲಿ ಹಿಮದ ಸುದ್ದಿ ಬಂದರೆ ಸಾಕು, ಹಿಮಕ್ಕಿಂತ ಮೊದಲು ಉಪ್ಪು ಬೀಳುತ್ತದೆ. ನಡುರಾತ್ರಿ ಹಳದಿ ದೀಪ ತಿರುಗಿಸುತ್ತಾ ಮುನಿಸಿಪಾಲಿಟಿ ಲಾರಿ ಬರುತ್ತದೆ. ಅದರ ಹಿಂಬದಿಯ ತಟ್ಟೆ ಗರಗರ ತಿರುಗಿ ಕಲ್ಲುಪ್ಪನ್ನು ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಎರಚುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಹಿಮ ಹೋಗಿ ಕಪ್ಪು ಕೆಸರು. ಮಧ್ಯಾಹ್ನಕ್ಕೆ ಕೆಸರೂ ಒಣಗಿ ರಸ್ತೆ, ಕಾರು, ಪ್ಯಾಂಟಿನ ಅಂಚು, ಪಕ್ಕದ ಮನೆ ನಾಯಿಯ ಕಾಲು ಎಲ್ಲವೂ ಬೆಳ್ಳಗೆ.

ಅಮೆರಿಕದ ರಸ್ತೆಗಳು ವರ್ಷಕ್ಕೆ ಸುಮಾರು 2 ಕೋಟಿ ಟನ್ ಉಪ್ಪು ತಿನ್ನುತ್ತವೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ಲೆಕ್ಕ. 1938ರ ಸುಮಾರಿಗೆ ನ್ಯೂ ಹ್ಯಾಂಪ್‌ಶೈರಿನವರು ಇದನ್ನು ಶುರುಮಾಡಿದರಂತೆ. ಅದಕ್ಕೂ ಮೊದಲು ಮರಳು, ಬೂದಿ ಚೆಲ್ಲಿ ಸುಮ್ಮನಾಗುತ್ತಿದ್ದರು. ಗಾಡಿಗಳು ಜಾರುತ್ತಿದ್ದವು, ಆದರೆ ಕರಗುತ್ತಿರಲಿಲ್ಲ. ಇಷ್ಟು ಉಪ್ಪು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಇನ್ನೊಂದು ಕೌತುಕ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ಮೇಲೆ ಕಾರು ಮಾಡುವ ಊರು, ಅದರ ಬುಡದಲ್ಲೇ ಕಾರು ತಿನ್ನುವ ಉಪ್ಪು. ಕ್ಲೀವ್‌ಲ್ಯಾಂಡಿನ ಹತ್ತಿರ ಈರಿ ಸರೋವರದ ತಳದ ಕೆಳಗೂ ಅಗೆಯುತ್ತಾರೆ. ಚಳಿ ತೀರಾ ಜಾಸ್ತಿಯಾದರೆ ಬರೀ ಉಪ್ಪು ಕೆಲಸ ಮಾಡುವುದಿಲ್ಲ. ಆಗ ಕೆಲವು ಊರುಗಳವರು ಸಕ್ಕರೆ ಬೀಟಿನ ರಸ ಬೆರೆಸುತ್ತಾರೆ, ವಿಸ್ಕಾನ್ಸಿನ್ನಿನ ಕೆಲವರು ಚೀಸ್ ಕಾರ್ಖಾನೆಯಲ್ಲಿ ಉಳಿದ ಉಪ್ಪುನೀರನ್ನು ತಂದು ಸಿಂಪಡಿಸಿದ್ದೂ ಇದೆ. ಎಲೆಯ ತುದಿಗೆ ಉಪ್ಪು ಬಡಿಸಿದ ಮೇಲೆ ಪಲ್ಯ ಕೋಸಂಬರಿ ಬರಲೇಬೇಕಲ್ಲ.

ನಾನು ಕುಂದಾಪುರದ ಕಡೆಯವನು. ತುಕ್ಕು ನನಗೆ ಹೊಸ ನೆಂಟನಲ್ಲ. ನಮ್ಮ ಮನೆಯ ಕಿಟಕಿ ಸರಳುಗಳು, ಬಾವಿಯ ರಾಟೆ, ಅಪ್ಪಯ್ಯನ ಸೈಕಲ್ಲಿನ ಮಡ್‌ಗಾರ್ಡು, ಗೇಟಿನ ಚಿಲಕ ಎಲ್ಲವೂ ನಾನು ಹುಟ್ಟುವ ಮೊದಲೇ ಕಂದು ಬಣ್ಣಕ್ಕೆ ತಿರುಗಿದ್ದವು. ಬೆಂಗಳೂರಿನಲ್ಲಿ ಹಳೇ ಕಾರು ಕೊಳ್ಳುವವರು ಕರಾವಳಿಯ ನಂಬರ್ ಪ್ಲೇಟು ಕಂಡರೆ ಮೊದಲು ಬಗ್ಗಿ ಅಡಿಭಾಗ ನೋಡುತ್ತಾರೆ; ಅದು ನಮಗೆ ಅವಮಾನವೆಂದು ಯಾವತ್ತೂ ಅನ್ನಿಸಿದ್ದಿಲ್ಲ. ಆದರೆ ಸಮುದ್ರದಿಂದ ನೂರಾರು ಮೈಲಿ ಒಳಗಿರುವ ಬೆಟ್ಟಗುಡ್ಡಗಳ ಊರಿಗೆ ಬಂದು, ನಮ್ಮೂರ ಕಡಲಿಗಿಂತ ಹಠಮಾರಿ ಉಪ್ಪನ್ನು ಎದುರಿಸಬೇಕಾದೀತು ಎಂದು ಯಾರು ಎಣಿಸಿದ್ದರು? ಫೋನಿನಲ್ಲಿ ಹೇಳಿದರೆ ಅಪ್ಪಯ್ಯನಿಗೆ ನಗು. "ಅಲ್ಲ ಮಾರಾಯ, ಉಪ್ಪಿನ ಗಾಳಿ ಬ್ಯಾಡ ಅಂದ್ಹೇಳಿ ಅಷ್ಟ್ ದೂರ ಹೋದ್ದ್ ನೀನ್. ಅಲ್ಲೂ ಉಪ್ಪೇ ಅಂದ್ರೆ ಎಂತ ಮಾಡೂದ್?" ಆಮೇಲೆ ಪರಿಹಾರವನ್ನೂ ಅವರೇ ಸೂಚಿಸಿದರು: "ಗೇರೆಣ್ಣಿ ಬಳಿ. ನಿನ್ ಕಾಲಕ್ಕೂ ಎಂತ ಆತಿಲ್ಲ." ಗೇರುಬೀಜದ ಸಿಪ್ಪೆಯಿಂದ ತೆಗೆದ, ಕೈಗೆ ತಾಗಿದರೆ ಬೊಬ್ಬೆ ಏಳಿಸುವ ಆ ಕಪ್ಪೆಣ್ಣೆ ದೋಣಿಗೆ, ಮಾಡಿನ ಪಕಾಸಿಗೆ, ಗೆದ್ದಲಿಗೆ, ಕೊನೆಗೆ ಸಂಸಾರದ ಎಲ್ಲ ತಾಪತ್ರಯಗಳಿಗೂ ಮದ್ದೆಂದು ಅವರ ನಂಬಿಕೆ. ಅದನ್ನು ವಿಮಾನದಲ್ಲಿ ತರಲು ಯಾರೂ ಬಿಡುವುದಿಲ್ಲ ಎಂದು ಹೇಳಿದ ಮೇಲೆ ಅಮೆರಿಕದ ಬಗ್ಗೆ ಅವರಿಗಿದ್ದ ಗೌರವ ಇನ್ನಷ್ಟು ಕಡಿಮೆಯಾಯಿತು.

ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವವನಿಗೆ ಪಿಕಪ್ ಲಾರಿ ಯಾಕೆ ಎಂದು ನೀವು ಕೇಳಬಹುದು. ನನ್ನಾಕೆ ಇಂದಿಗೂ ಕೇಳುತ್ತಾಳೆ. ಅಂಗಳಕ್ಕೆ ಗೊಬ್ಬರದ ಮಣ್ಣು, ಡೆಕ್ಕಿಗೆ ಹಲಗೆ ತರಲು ಎಂದು ಶುರುವಾದ ವಾದ, ಹಳೆಯದೊಂದು ಗಾಡಿ ಕಡಿಮೆಗೆ ಸಿಕ್ಕಾಗ ತೀರ್ಮಾನವಾಗಿಬಿಟ್ಟಿತು. ಪೆನ್ ಹಿಲ್ಸ್ ಗುಡ್ಡದ ಮೇಲೆ 1970ರ ದಶಕದಿಂದ ನೆಲೆಸಿರುವ ವೆಂಕಟರಮಣನ ದೇವಸ್ಥಾನಕ್ಕೆ ಒಯ್ದು, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿದೆವು. ಆಮೇಲೆ ಗೊತ್ತಾಯಿತು, ಪಿಕಪ್ ಇರುವವನಿಗೆ ಸ್ನೇಹಿತರು ತಾವಾಗಿಯೇ ಹುಟ್ಟಿಕೊಳ್ಳುತ್ತಾರೆ. "ಸಾರ್, ಶನಿವಾರ ಫ್ರೀ ಇದ್ದೀರಾ?" ಎಂದು ಯಾರಾದರೂ ಕೇಳಿದರೆ ಅದರರ್ಥ ಸೋಫಾ. ಗಣೇಶ ಚೌತಿಗೆ ಗಣಪತಿಯೂ ರಾಜ್ಯೋತ್ಸವಕ್ಕೆ ಭುವನೇಶ್ವರಿಯ ರಥವೂ ಇದರ ಮೇಲೆಯೇ ಮೆರವಣಿಗೆ. ಬಿಸಿಬೇಳೆಬಾತಿನ ದೊಡ್ಡ ಪಾತ್ರೆಯನ್ನು ಹಗ್ಗ ಬಿಗಿದು ಒಯ್ಯುವಾಗ ತಿರುವಿನಲ್ಲಿ ತುಳುಕಿದ ಸಾರು ಹಿಂಬದಿಯ ತೊಟ್ಟಿಯ ಮೂಲೆಗಳಲ್ಲಿ ಶಾಶ್ವತವಾಗಿ ನಿಂತಿದೆ. ಅದರಲ್ಲೂ ಉಪ್ಪು ಇದೆಯಲ್ಲ ಎಂದು ಈಗ ಅನ್ನಿಸುತ್ತದೆ.

ಕಾರಿಗೂ ಪಿಕಪ್ಪಿಗೂ ಇರುವ ವ್ಯತ್ಯಾಸ ಅಡಿಯಲ್ಲಿದೆ. ಇಂದಿನ ಕಾರುಗಳಿಗೆ ಮೈಯೇ ಬೆನ್ನೆಲುಬು. ಪಿಕಪ್ಪಿಗೆ ಮಾತ್ರ ಲಾರಿಗಿದ್ದ ಹಾಗೆ ಬೇರೆಯೇ ಚಾಸಿ. ಮುಂದಿನಿಂದ ಹಿಂದಿನವರೆಗೆ ಎರಡು ಉದ್ದನೆಯ ಉಕ್ಕಿನ ತೊಲೆಗಳು, ನಡುವೆ ಅಡ್ಡ ತೊಲೆಗಳು. ಎಂಜಿನ್ನು, ಕ್ಯಾಬಿನ್ನು, ತೊಟ್ಟಿ, ಚಕ್ರ ಎಲ್ಲವೂ ಅದರ ಮೇಲೆ ಅಥವಾ ಅದಕ್ಕೆ ಜೋತು. ಬಾಗಿಲು ತುಕ್ಕು ಹಿಡಿದರೆ ಟಿಂಕರಿಂಗ್ ಮಾಡಿಸಿ ಪೇಂಟು ಹೊಡೆಸಬಹುದು. ಚಾಸಿ ಹೋಯಿತೆಂದರೆ ಗಾಡಿಯೇ ಹೋದ ಹಾಗೆ. ಫೋರ್ಡಿನವರು 2015ರ ಎಫ್-150ಕ್ಕೆ ಅಲ್ಯೂಮಿನಿಯಂ ಮೈ ತೊಡಿಸಿ ಊರೆಲ್ಲ ಡಂಗುರ ಹೊಡೆದಾಗಲೂ ಅಡಿಯ ಚಾಸಿಯನ್ನು ಉಕ್ಕಿನದನ್ನೇ ಉಳಿಸಿಕೊಂಡರು.

ಈ ತೊಲೆಗಳಲ್ಲಿ ಕೆಲವು ತೆರೆದವು, ಕೆಲವು ನಾಲ್ಕೂ ಕಡೆ ಮುಚ್ಚಿದ ಕೊಳವೆಗಳು. ಮುಚ್ಚಿದ್ದು ಗಟ್ಟಿ, ತಿರುಚುವುದಿಲ್ಲ. ಆದರೆ ಮುಚ್ಚಿದ್ದು ಎಂದರೆ ಪೂರ್ತಿ ಮುಚ್ಚಿರುವುದಿಲ್ಲ, ಅಲ್ಲಲ್ಲಿ ಕಿಂಡಿಗಳಿರುತ್ತವೆ. ಚಕ್ರ ಎರಚಿದ ಉಪ್ಪು ಕೆಸರು ಆ ಕಿಂಡಿಗಳಿಂದ ಒಳಗೆ ಹೋಗುತ್ತದೆ, ಹೊರಗೆ ಬರುವ ದಾರಿ ಮರೆಯುತ್ತದೆ. ಒಳಗೇ ಕೂತು, ತೇವ ಹಿಡಿದುಕೊಂಡು, ಬೇಸಿಗೆಯಲ್ಲೂ ಕೆಲಸ ಮುಂದುವರಿಸುತ್ತದೆ. ಹೊರಗಿನಿಂದ ನೋಡಿದರೆ ಕಪ್ಪು ಬಣ್ಣ ಹೊಳೆಯುತ್ತಿರುತ್ತದೆ. ಕಬ್ಬಿಣದ ತುಕ್ಕಿನ ಕೆಟ್ಟ ಬುದ್ಧಿಯೇ ಅದು. ಅಲ್ಯೂಮಿನಿಯಂ ಮೇಲೆ ಕಟ್ಟುವ ಪೊರೆ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ, ಪದರ ಪದರವಾಗಿ ಕಳಚಿ, ಹೊಸ ಕಬ್ಬಿಣವನ್ನು ನೀರಿಗೆ ಒಡ್ಡಿ ಕೈತೊಳೆದುಕೊಳ್ಳುತ್ತದೆ. ಉಪ್ಪು ಸೇರಿದ ನೀರಿನಲ್ಲಿ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಈ ವ್ಯವಹಾರ ಇನ್ನೂ ಚುರುಕು. ಇದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ಪಾಪ, ಚಳಿಯಲ್ಲಿ ನಡುಗುತ್ತಿದೆ ಎಂದು ಕರುಣೆಯಿಂದ ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನೊಳಗೆ ನಿಲ್ಲಿಸಿದರೆ ಅಂಟಿದ ಹಿಮ ಕರಗಿ ಉಪ್ಪುನೀರಾಗಿ, ಬೆಚ್ಚಗಿನಲ್ಲಿ ತುಕ್ಕು ಇನ್ನೂ ಬೇಗ ಬೆಳೆಯುತ್ತದೆ. ಹೊರಗೆ ಹೆಪ್ಪುಗಟ್ಟಿ ನಿಂತ ಗಾಡಿಗೇ ಆಯುಸ್ಸು ಜಾಸ್ತಿ.

ಪೆನ್ಸಿಲ್ವೇನಿಯಾದಲ್ಲಿ ವರ್ಷಕ್ಕೊಮ್ಮೆ ಗಾಡಿಯ ತಪಾಸಣೆ ಕಡ್ಡಾಯ. ಪಾಸಾದರೆ ಮುಂದಿನ ಗಾಜಿಗೆ ಸ್ಟಿಕರು. ತಪಾಸಣೆ ಮಾಡುವ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ಕೈಯಲ್ಲಿ ಟಾರ್ಚು ಹಿಡಿದು ಅಡಿಯಲ್ಲಿ ನಡೆಯುವಾಗ ನಾನು ಆತನ ಮುಖವನ್ನೇ ನೋಡುತ್ತಿರುತ್ತೇನೆ. ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಕಡೆ ಆತ ನಿಂತು ಸ್ಕ್ರೂಡ್ರೈವರಿನಿಂದ ಕೆರೆಯುತ್ತಾನೆ. ಕಂದು ಚಕ್ಕೆಗಳು ಉದುರುತ್ತವೆ. ಆತ "ಹ್ಞೂಂ" ಎನ್ನುತ್ತಾನೆ. ಆ ಒಂದು ಹ್ಞೂಂಕಾರದ ಅರ್ಥಕ್ಕಾಗಿ ನಾನು ಕಾಫಿ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕಾಯುವ ಹೊತ್ತು, ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ನಮ್ಮಕ್ಕ ಕಾದದ್ದಕ್ಕಿಂತ ಕಷ್ಟದ್ದು.

ಇಂಥದೊಂದು ಹ್ಞೂಂಕಾರದ ನಂತರವೇ ನಾನು ಗ್ಲೋವ್ ಬಾಕ್ಸಿನಲ್ಲಿದ್ದ ವಾರಂಟಿ ಪುಸ್ತಕವನ್ನು ಹೊರತೆಗೆದು ಓದಿದ್ದು. ನನ್ನ ಗಾಡಿ ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಈ ಪುಸ್ತಕಗಳನ್ನೆಲ್ಲ ಒಂದೇ ಗುರುಕುಲದಲ್ಲಿ ಓದಿದವರು ಬರೆದಿರುತ್ತಾರೆ. ತುಕ್ಕಿಗೆ ವಾರಂಟಿ ಇದೆ ಎಂದು ದಪ್ಪಕ್ಷರದಲ್ಲಿರುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ, ತುಕ್ಕು ಎಂದರೆ ಬರೀ ತುಕ್ಕಲ್ಲ, ತಗಡು ತೂತಾಗಬೇಕು ಎಂದಿರುತ್ತದೆ. ಆ ತೂತೂ ಒಳಗಿನಿಂದ ಹೊರಗೆ ಬಿದ್ದಿರಬೇಕು. ಸಾಮಾನ್ಯವಾಗಿ ಐದೋ ಆರೋ ವರ್ಷದೊಳಗೆ ಬೀಳಬೇಕು. ಮೈಯ ತಗಡು ಅಷ್ಟು ಬೇಗ ತೂತಾಗುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತು. ಕಲ್ಲು ಬಡಿದು ಬಣ್ಣ ಹೋದರೆ ಅವರು ಹೊಣೆಯಲ್ಲ. ಮರದ ಅಂಟು, ಆಲಿಕಲ್ಲು, ಸಿಡಿಲು, ಪ್ರವಾಹ, ಕೊನೆಗೆ ಉಪ್ಪು, ಇವುಗಳಿಂದ ಆದ ಹಾನಿಯನ್ನೂ ಹೊರಗಿಟ್ಟ ಪುಸ್ತಕಗಳಿವೆ. ಉಪ್ಪನ್ನು ಹೊರಗಿಟ್ಟು ತುಕ್ಕನ್ನು ಒಳಗೆ ಕರೆದುಕೊಂಡವರ ಜಾಣತನಕ್ಕೆ ತಲೆದೂಗಲೇಬೇಕು. ಮೈಯ ತಗಡು ಎಂಬ ಮಾತಿನಲ್ಲಿ ಚಾಸಿ ಬರುತ್ತದೋ ಇಲ್ಲವೋ ಎಂದು ಡೀಲರ ಬಳಿ ಕೇಳಿದೆ. ಕೌಂಟರಿನ ಹುಡುಗ ತುಂಬಾ ಒಳ್ಳೆಯವನು. ಪುಸ್ತಕ ತಿರುವಿ ಹಾಕಿ, "ಇದರ ಬಗ್ಗೆ ಪುಸ್ತಕ ಏನೂ ಹೇಳುವುದಿಲ್ಲ ಸರ್" ಎಂದ. ಹೇಳದೇ ಇರುವುದೂ ಒಂದು ಉತ್ತರ ಎಂದು ಉಪನಿಷತ್ತು ಓದಿದವರು ಹೇಳುತ್ತಾರೆ.

ಚಾಸಿಯ ವಿಷಯದಲ್ಲಿ ಬಾಯಿ ಬಿಡಲೇಬೇಕಾದ ಸಂದರ್ಭ ಒಂದು ದೊಡ್ಡ ಕಂಪನಿಗೆ ಬಂದದ್ದುಂಟು. ಟೊಯೊಟಾದ ಟಕೋಮಾ ಎಂಬ ಪಿಕಪ್, ಎಂಜಿನ್ನು ಎಷ್ಟು ಲಕ್ಷ ಮೈಲಿ ಓಡಿದರೂ ಕೆಮ್ಮುವುದಿಲ್ಲ ಎಂದು ಹೆಸರಾದದ್ದು. ಆದರೆ 1995ರಿಂದ 2000ದವರೆಗಿನ ಗಾಡಿಗಳ ಚಾಸಿಗಳಿಗೆ ತುಕ್ಕು ತಡೆಯುವ ಲೇಪನ ಸಾಕಷ್ಟು ಆಗಿರಲಿಲ್ಲ. ಎಂಜಿನ್ನು ಚಿರಂಜೀವಿ, ಬೆನ್ನೆಲುಬು ಅಲ್ಪಾಯು. 2008ರಲ್ಲಿ ಕಂಪನಿ ಅವುಗಳ ಚಾಸಿಗೆ ತೂತಿನ ವಾರಂಟಿಯನ್ನು 15 ವರ್ಷಕ್ಕೆ ಏರಿಸಿತು, ಮೈಲಿಯ ಮಿತಿಯಿಲ್ಲ. ತೀರಾ ಹಾಳಾದವನ್ನು ತಾನೇ ಮರಳಿ ಕೊಂಡಿತು. ಅದೂ ಎಷ್ಟಕ್ಕೆ ಎಂದಿರಿ? ಉತ್ತಮ ಸ್ಥಿತಿಯಲ್ಲಿರುವ ಅಂಥದೇ ಗಾಡಿಯ ಮಾರುಕಟ್ಟೆ ಬೆಲೆಯ ಒಂದೂವರೆ ಪಟ್ಟಿಗೆ. ಅಂದರೆ ಚೆನ್ನಾಗಿರುವ ಗಾಡಿಗಿಂತ ಕೊಳೆತ ಗಾಡಿಗೆ ಬೆಲೆ ಹೆಚ್ಚು. ಅಂಗಡಿ ಎದುರು ಸಾಲು ನಿಂತವರ ಸಂತೋಷವನ್ನು ನಾನು ನೋಡಿಲ್ಲ, ಊಹಿಸಬಲ್ಲೆ. ಚಾಸಿ ಪೂರೈಸಿದ್ದ ಡೇನಾ ಕಂಪನಿ ಆಮೇಲೆ ಟೊಯೊಟಾಗೆ 2.5 ಕೋಟಿ ಡಾಲರ್ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡಿತು.

ಮರುವರ್ಷ ತಮ್ಮನ ಸರದಿ. ಟುಂಡ್ರಾ ಎಂಬ ಇನ್ನೂ ದೊಡ್ಡ ಪಿಕಪ್ಪಿನ ಹಿಂಬದಿಯ ಅಡ್ಡ ತೊಲೆ ಕೊಳೆತು, ಅದಕ್ಕೆ ತೂಗುಹಾಕಿದ್ದ ಸ್ಟೆಪ್ನಿ ರಸ್ತೆಗೆ ಬೀಳುವ ಅಪಾಯವಿದೆ ಎಂದು 2000ದಿಂದ 2003ರವರೆಗಿನ ಸುಮಾರು 1,10,000 ಗಾಡಿಗಳನ್ನು ಹಿಂದಕ್ಕೆ ಕರೆಸಿದರು. ಚಳಿಯ 20 ರಾಜ್ಯಗಳು ಮತ್ತು ರಾಜಧಾನಿಯ ಗಾಡಿಗಳಿಗೆ ಮಾತ್ರ ಕರೆ. ಫ್ಲಾರಿಡಾದವರಿಗೆ ಆಹ್ವಾನವಿರಲಿಲ್ಲ.

ಇಷ್ಟಾದರೂ ಮುಂದಿನ ಪೀಳಿಗೆಯ ಗಾಡಿಗಳು ಪಾಠ ಕಲಿಯಲಿಲ್ಲ. ಜನ ಕೋರ್ಟಿಗೆ ಹೋದರು. 2016ರ ನವೆಂಬರಿನಲ್ಲಿ ಒಪ್ಪಂದದ ಸುದ್ದಿ ಹೊರಬಿತ್ತು. 2005ರಿಂದ 2010ರವರೆಗಿನ ಟಕೋಮಾ, 2007 ಮತ್ತು 2008ರ ಟುಂಡ್ರಾ, 2005ರಿಂದ 2008ರವರೆಗಿನ ಸಿಕೋಯಾ, ಒಟ್ಟು ಸುಮಾರು 15 ಲಕ್ಷ ಗಾಡಿಗಳು. ತಪ್ಪು ಮಾಡಿದೆವೆಂದು ಟೊಯೊಟಾ ಒಪ್ಪಲಿಲ್ಲ, ಚಾಸಿ ಬದಲಾಯಿಸಿಕೊಡಲು ಒಪ್ಪಿತು. ಮೊದಲು ಮಾರಾಟವಾದ ದಿನದಿಂದ 12 ವರ್ಷದವರೆಗೆ ತಪಾಸಣೆ. ಒಂದು ಚಾಸಿ ಬದಲಿಗೆ ಸುಮಾರು 15,000 ಡಾಲರ್, ಒಂದು ತಪಾಸಣೆಗೆ 60 ಡಾಲರ್ ಎಂದು ಲೆಕ್ಕ ಹಾಕಿ, ಎಲ್ಲ ಸೇರಿ 340 ಕೋಟಿ ಡಾಲರ್‌ವರೆಗೆ ಆಗಬಹುದೆಂದು ಕೋರ್ಟಿನ ಕಾಗದದಲ್ಲಿತ್ತು. ಯಾವ ಗಾಡಿಗೆ ಹೊಸ ಚಾಸಿ? ಚಾಸಿಯಲ್ಲಿ 10 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ತೂತಿರುವುದಕ್ಕೆ. ಒಂಬತ್ತಿದ್ದರೆ ಹೋಗಿ ಬನ್ನಿ, ಹತ್ತಾದ ಮೇಲೆ ಬನ್ನಿ.

ನಮ್ಮೆದುರು ಮನೆಯ ಮುದುಕನ ಬಳಿ 2006ರ ಟಕೋಮಾ ಇತ್ತು. ಜೀವನವಿಡೀ ಇಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕಾರ್ನೆಗಿಯವರು 1875ರಲ್ಲಿ ಬ್ರಾಡಕ್ಕಿನಲ್ಲಿ ಶುರುಮಾಡಿದ ಎಡ್ಗರ್ ಥಾಮ್ಸನ್ ಕಾರ್ಖಾನೆ ಇವತ್ತಿಗೂ ಹೊಗೆ ಬಿಡುತ್ತದೆ; ಆ ದಾರಿಯಲ್ಲಿ ಹೋಗುವಾಗ ಆತ ಗಾಡಿಯ ವೇಗ ತಗ್ಗಿಸುತ್ತಾನೆ. ಉಕ್ಕಿನ ಬಗ್ಗೆ ಇಷ್ಟು ಗೌರವವಿದ್ದವನು ತನ್ನ ಗಾಡಿಯ ಉಕ್ಕಿಗೆ ಒಂದು ಬಕೆಟ್ ನೀರು ತೋರಿಸಿದ್ದನ್ನು ನಾನು ಕಂಡಿಲ್ಲ. ಚಳಿಗಾಲ ಕಳೆದರೂ ಉಪ್ಪಿನ ಬಿಳಿ ಕೋಟು ಮೇ ತಿಂಗಳ ಮಳೆ ಬರುವವರೆಗೂ ಮೈಮೇಲೇ.

ನಾನೋ, ಇದಕ್ಕೆ ಪೂರ್ತಿ ವಿರುದ್ಧ. ಹಿಮ ಕರಗಿದ ದಿನವೆಲ್ಲ ಅಡಿಭಾಗ ತೊಳೆಯುವ ವಾಷಿಂಗ್ ಅಂಗಡಿಗೆ ಹಾಜರು. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಊರಾಚೆ ಒಬ್ಬ ರೈತನ ಕೊಟ್ಟಿಗೆಗೆ ಹೋಗಿ ಚಾಸಿಯ ಒಳಗೂ ಹೊರಗೂ ಎಣ್ಣೆ ಹೊಡೆಸುತ್ತಿದ್ದೆ. ಈ ಎಣ್ಣೆ ಕುರಿಯ ಉಣ್ಣೆಯಿಂದ ಬರುವ ಜಿಡ್ಡು, ಲ್ಯಾನೊಲಿನ್. ಕುರಿಗೆ ಮಳೆನೀರು ಇಳಿಯದಂತೆ ದೇವರು ಕೊಟ್ಟದ್ದನ್ನು ಇಲ್ಲಿಯವರು ಲಾರಿಗೆ ಬಳಿಯುತ್ತಾರೆ. ಆತ ಉದ್ದನೆಯ ನಳಿಗೆಯನ್ನು ಚಾಸಿಯ ಕಿಂಡಿಯೊಳಗೆ ತೂರಿಸಿ, ಮೆಲ್ಲಗೆ ಹಿಂದಕ್ಕೆಳೆಯುತ್ತಾ ಗುಂಡಿ ಒತ್ತುತ್ತಾನೆ. ಒಳಗೆಲ್ಲೋ ಬುಸುಬುಸು ಸದ್ದು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಿಂಡಿಯಿಂದ ಜೇನು ಬಣ್ಣದ ಹನಿ ಇಣುಕಿ, ದಪ್ಪವಾಗಿ, ಬೀಳಲೋ ಬೇಡವೋ ಎಂದು ಯೋಚಿಸಿ, ಬೀಳುತ್ತದೆ. ಅಲ್ಲಿಯವರೆಗೆ ಎಣ್ಣೆ ತಲುಪಿದೆ ಎಂದರ್ಥ. ಆಮೇಲೆ ಒಂದು ವಾರ ಗ್ಯಾರೇಜಿನ ತುಂಬ ಕುರುಬರ ಕಂಬಳಿ ಮಳೆಗೆ ನೆಂದರೆ ಬರುವ ವಾಸನೆ. "ರೀ, ಇದೇನು ಕುರಿದೊಡ್ಡಿಯಾ?" ಎಂದು ನನ್ನಾಕೆ ಮೂಗು ಮುಚ್ಚಿಕೊಂಡು ಕಾರು ತೆಗೆಯುತ್ತಿದ್ದಳು. ನನಗೆ ಮಾತ್ರ ಊರಿನ ಜಾತ್ರೆಯ ನೆನಪು.

ಒಪ್ಪಂದದ ಕಾಗದ ಬಂದ ಮೇಲೆ ಮುದುಕನ ನಡಾವಳಿಯೇ ಬದಲಾಯಿತು. ಅವನ ಗಾಡಿಗೆ ಹನ್ನೆರಡು ವರ್ಷ ತುಂಬಲು ಇನ್ನು ಹೆಚ್ಚು ಸಮಯವಿರಲಿಲ್ಲ. ಅಷ್ಟರೊಳಗೆ ತೂತು ಬೀಳಬೇಕು. ಆ ಚಳಿಗಾಲದಲ್ಲಿ ಉಪ್ಪು ಲಾರಿ ಹೋದ ಹಿಂದೆಯೇ ಗಾಡಿ ತೆಗೆದು, ಬೇಡದಿದ್ದರೂ ಹಾಲು ತರಲು ಹೋಗುತ್ತಿದ್ದ. ವಾಪಸು ಬಂದು ಗಾಡಿಯನ್ನು ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸುತ್ತಿದ್ದ. ಮೂವತ್ತು ವರ್ಷದಿಂದ ಹಳೇ ಕುರ್ಚಿ, ಪೇಂಟು ಡಬ್ಬ ತುಂಬಿಕೊಂಡಿದ್ದ ಗ್ಯಾರೇಜನ್ನು ಅದಕ್ಕೆಂದೇ ಖಾಲಿ ಮಾಡಿಸಿದ್ದ. ವಾರಕ್ಕೊಮ್ಮೆ ಅಡಿಗೆ ನುಸುಳಿ ಬಂದು, "ಆಗ್ತಾ ಇದೆ, ಆಗ್ತಾ ಇದೆ" ಎಂದು ನನಗೆ ವರದಿ ಒಪ್ಪಿಸುತ್ತಿದ್ದ. ಬಸುರಿ ಸೊಸೆಯ ಬಗ್ಗೆ ಕೂಡ ಅವನು ಅಷ್ಟು ಮುತುವರ್ಜಿ ತೋರಿಸಿರಲಿಕ್ಕಿಲ್ಲ.

ತಪಾಸಣೆಯ ದಿನ ನನ್ನನ್ನೂ ಕರೆದುಕೊಂಡು ಹೋದ. ಮೆಕ್ಯಾನಿಕ್ಕಿನ ಕೈಯಲ್ಲಿ ಒಂದು ಸಣ್ಣ ಸುತ್ತಿಗೆ. ಗಾಡಿಯನ್ನು ಮೇಲೆತ್ತಿ, ಮುಂದಿನಿಂದ ತಟ್ಟುತ್ತಾ ಬಂದ. ಟಣ್, ಟಣ್, ಟಣ್. ಒಳ್ಳೆಯ ಉಕ್ಕು ಉತ್ತರ ಕೊಡುತ್ತದೆ. ಕ್ಯಾಬಿನ್ನಿನ ಹಿಂದೆ ಬರುವಾಗ ಸದ್ದು ಸ್ವಲ್ಪ ಮಂಕಾಯಿತು. ಹಿಂದಿನ ಆಕ್ಸಲ್ಲಿನ ಮೇಲೆ ಚಾಸಿ ಕಮಾನಿನಂತೆ ಏಳುವ ಕಡೆ ಸುತ್ತಿಗೆ ಬಿದ್ದಾಗ ಸದ್ದೇ ಬರಲಿಲ್ಲ. ಸುತ್ತಿಗೆಯ ಮೂತಿ ಒಳಗೆ ಹೋಗಿತ್ತು. ಹೊರಗೆಳೆದಾಗ ಒಂದು ಹಿಡಿ ಕಂದು ಪುಡಿಯೂ ಒದ್ದೆ ಮಣ್ಣೂ ನೆಲಕ್ಕೆ ಸುರಿದವು. ಮೆಕ್ಯಾನಿಕ್ ಶಾಸ್ತ್ರಕ್ಕೆಂದು ಅಳತೆ ಹಿಡಿದ. ಹತ್ತು ಮಿಲಿಮೀಟರೇನು, ಮುದುಕನ ಹೆಬ್ಬೆಟ್ಟು ಹೋಗುತ್ತಿತ್ತು, ಹಾಕಿಯೂ ನೋಡಿದ. ಲಾಟರಿ ಹೊಡೆದವರ ಮುಖವನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಹೊಸ ಚಾಸಿ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು, ದೇಶದ ತುಂಬ ಅದಕ್ಕೆ ಸರದಿ. ಬಂದ ಮೇಲೆ ನೋಡಲು ಹೋದೆವು. ಕ್ಯಾಬಿನ್ನು ಒಂದು ಕಡೆ ತೂಗುತ್ತಿತ್ತು, ತೊಟ್ಟಿ ಇನ್ನೊಂದು ಕಡೆ ಗೋಡೆಗೊರಗಿತ್ತು. ತುಕ್ಕು ಹಿಡಿದ ಬೋಲ್ಟುಗಳು ತಿರುಗದೆ ಗ್ಯಾಸ್ ಕಟರಿನಲ್ಲಿ ಕತ್ತರಿಸಿದ್ದರು. ನಡುವೆ ಕರ್ರಗೆ, ನುಣ್ಣಗೆ, ಒಂದು ಗೀರೂ ಇಲ್ಲದ ಹೊಸ ಚಾಸಿ. ಮುದುಕ ಅದರ ಮೇಲೆ ಕೈಯಾಡಿಸಿದ.

ಅವನ ಗಾಡಿಯ ಪಕ್ಕ ನಿಲ್ಲಿಸಿದ್ದ ಇನ್ನೊಂದು ಟಕೋಮಾದ ಒಡೆಯ ಸಪ್ಪೆ ಮುಖ ಹಾಕಿಕೊಂಡು ನಿಂತಿದ್ದ. ವರ್ಷವರ್ಷವೂ ತೊಳೆದು, ಎಣ್ಣೆ ಹೊಡೆಸಿ ಕಾಪಾಡಿದ್ದನಂತೆ. ತೂತಿಲ್ಲ. ನೋಡಿ ಕಳಿಸಿಬಿಟ್ಟರು. ನಮ್ಮ ಪುರಾಣಗಳಲ್ಲಿ ಇಂಥದಕ್ಕೆ ಪೂರ್ವಜನ್ಮದ ಲೆಕ್ಕವಾದರೂ ಇರುತ್ತದೆ. ಪೂಜೆ ಮಾಡಿದವನಿಗೆ ಇಲ್ಲದ ವರ ಮಾಡದವನಿಗೆ ಸಿಕ್ಕಿದರೆ ಒಂದು ಉಪಕಥೆ ಹೇಳಿ ಸಮಾಧಾನ ಮಾಡುತ್ತಾರೆ. ಕೋರ್ಟಿನ ಒಪ್ಪಂದದಲ್ಲಿ ಉಪಕಥೆಗೆ ಜಾಗವಿಲ್ಲ. ನಾನು ಆತನ ಹತ್ತಿರ ಹೋಗಿ ಎಣ್ಣೆ ಯಾವುದು ಎಂದು ಕೇಳಿದೆ. ಇಬ್ಬರದೂ ಒಂದೇ. ಆಮೇಲೆ ಮಾತಾಡಲು ಏನೂ ಉಳಿಯಲಿಲ್ಲ.

ವಾಪಸು ಬರುವ ದಾರಿಯಲ್ಲಿ ಮುದುಕ ಉದಾರಿಯಾಗಿದ್ದ. ಪೇಟೆಯ ನಡುವೆ ಕಾಣುವ ಯು.ಎಸ್. ಸ್ಟೀಲ್ ಕಟ್ಟಡವನ್ನು ತೋರಿಸಿ, ತುಕ್ಕೆಂದರೆ ಅದು ಎಂದ. 64 ಮಹಡಿ, 841 ಅಡಿ, 1970ರ ಹೊತ್ತಿಗೆ ಕಟ್ಟಿದ್ದು. ಅದರ ಹೊರಮೈಯೆಲ್ಲ ಕಾರ್‌ಟೆನ್ ಎಂಬ ಉಕ್ಕು, ಬಣ್ಣವಿಲ್ಲ. ತಾಮ್ರ, ಕ್ರೋಮಿಯಂ ಬೆರೆತ ಆ ಉಕ್ಕು ಮೊದಲು ತುಕ್ಕು ಹಿಡಿದು, ಆ ತುಕ್ಕೇ ಗಟ್ಟಿ ಪೊರೆಯಾಗಿ ಒಳಗಿನದನ್ನು ಕಾಯುತ್ತದೆ. ಮೊದಲ ವರ್ಷಗಳಲ್ಲಿ ಮಳೆ ಬಂದರೆ ಕಂದು ನೀರು ಇಳಿದು ಕೆಳಗಿನ ಕಾಲುದಾರಿಯನ್ನೂ ಅಕ್ಕಪಕ್ಕದ ಕಟ್ಟಡಗಳನ್ನೂ ಬಳಿದಿತ್ತಂತೆ. ಕಂಪನಿ ತಾನು ಮಾರುವ ಉಕ್ಕಿನ ಜಾಹೀರಾತಿಗೆ ಕಟ್ಟಿಸಿಕೊಂಡ ಕಟ್ಟಡ, ನೆರೆಹೊರೆಯವರಿಗೆಲ್ಲ ಸ್ಯಾಂಪಲ್ ಹಂಚಿತು. ಇದನ್ನು ಹೇಳಿ ಆತ ಹೊಟ್ಟೆ ಹಿಡಿದುಕೊಂಡು ನಕ್ಕ.

ಆದರೆ ಆ ಉಕ್ಕಿಗೂ ಒಂದು ನೇಮವಿದೆ, ನೆಂದ ಮೇಲೆ ಒಣಗಬೇಕು. ಅದನ್ನು ಈ ಊರು ಮುಂದೆ ಕಷ್ಟಪಟ್ಟು ಕಲಿಯಿತು. 446 ಸೇತುವೆಗಳ ಊರೆಂದು ಜಂಬ ಕೊಚ್ಚಿಕೊಳ್ಳುವ ಪಿಟ್ಸ್‌ಬರ್ಗಿನಲ್ಲಿ 2022ರ ಜನವರಿ 28ರ ಬೆಳಗಿನ ಜಾವ ಫರ್ನ್ ಹಾಲೋ ಸೇತುವೆ ಒಂದು ಬಸ್ಸನ್ನೂ ಕೆಲವು ಕಾರುಗಳನ್ನೂ ಹೊತ್ತುಕೊಂಡೇ ಕಣಿವೆಗೆ ಕುಸಿಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಇದೂ ಬಣ್ಣ ಬೇಡದ ಉಕ್ಕಿನದೇ. ನೀರು ಹರಿಯುವ ದಾರಿ ಕಟ್ಟಿಕೊಂಡು, ಕಾಲುಗಳ ಬುಡದಲ್ಲಿ ಕಸ, ತೇವ ನಿಂತು, ಪೊರೆ ಕಟ್ಟಬೇಕಾದ ಕಡೆ ತೂತು ಬಿದ್ದಿತ್ತು. ರಿಪೇರಿ ಮಾಡಿ ಎಂದು ತಪಾಸಣೆಯವರು ವರ್ಷಗಟ್ಟಲೆ ಬರೆದಿದ್ದರು. ಅಂದೇ ಅಧ್ಯಕ್ಷ ಬೈಡನ್ನರು ರಸ್ತೆ ಸೇತುವೆಗಳ ದುರಸ್ತಿಯ ಬಗ್ಗೆ ಭಾಷಣ ಮಾಡಲು ಇದೇ ಊರಿಗೆ ಬರುವವರಿದ್ದರು, ಬಂದರು, ಗುಂಡಿಯನ್ನೂ ನೋಡಿ ಹೋದರು.

ನಮ್ಮ ಕೊಡಚಾದ್ರಿಯ ಮೇಲೆ, ಮೂಲ ಮೂಕಾಂಬಿಕೆಯ ಗುಡಿಯೆದುರು, ಒಂದು ಕಬ್ಬಿಣದ ಕಂಬ ನಿಂತಿದೆ. ದೇವಿಯ ತ್ರಿಶೂಲವೆಂದು ನಂಬಿಕೆ. ಆ ಘಟ್ಟದ ಮಳೆ ಗೊತ್ತಿದ್ದವರಿಗೆ ಗೊತ್ತು, ಅಲ್ಲಿ ಕೊಡೆಯ ಕಡ್ಡಿ ಒಂದು ಮಳೆಗಾಲ ಬಾಳುವುದಿಲ್ಲ. ಆ ಕಂಬ ಮಾತ್ರ ತಲೆಮಾರುಗಳಿಂದ ಬಯಲಲ್ಲೇ ನೆನೆಯುತ್ತಾ ನಿಂತಿದೆ, ಲೋಹವಿಜ್ಞಾನಿಗಳು ಬಂದು ಪರೀಕ್ಷೆ ಮಾಡಿ ಬೆರಗಾಗಿ ಹೋಗಿದ್ದಾರೆ. ಅದನ್ನು ಮುದುಕನಿಗೆ ಹೇಳಿದೆ. ವಾರಂಟಿ ಎಷ್ಟು ವರ್ಷ ಕೊಟ್ಟಿದ್ದರು ಎಂದು ಕೇಳಿದ.

ಕೆಲವು ವರ್ಷಗಳ ನಂತರ ನನ್ನ ಪಿಕಪ್ ಮಾರುವ ಕಾಲ ಬಂತು. ಸೋಫಾ ಹೊರುವ ವಯಸ್ಸು ನನ್ನದೂ ದಾಟಿತ್ತು, ನಮ್ಮ ಕನ್ನಡ ಕೂಟದಲ್ಲಿ ಬೇರೆ ಯಾರೋ ಉತ್ಸಾಹಿ ಪಿಕಪ್ ಕೊಂಡಿದ್ದರು. ಜಾಹೀರಾತು ಕೊಟ್ಟೆ. ಬಂದ ಗಿರಾಕಿ ತರುಣ, ಆದರೆ ತಯಾರಾಗಿ ಬಂದಿದ್ದ. ರಟ್ಟು ಹಾಸಿ ಗಾಡಿಯಡಿ ಮಲಗಿದ. ಟಾರ್ಚು, ಸುತ್ತಿಗೆ, ಪುಟ್ಟಿ ಬಳಿದು ಮುಚ್ಚಿದ್ದೇನಾದರೂ ಇದೆಯೋ ಎಂದು ನೋಡಲು ಒಂದು ಅಯಸ್ಕಾಂತ. ಎಲ್ಲ ಕಡೆಯೂ ಟಣ್. ನಾನು ಹೆಮ್ಮೆಯಿಂದ ಸೊಂಟಕ್ಕೆ ಕೈಯಿಟ್ಟು ನಿಂತಿದ್ದೆ.

ಎದ್ದು ಮೈ ಕೊಡವಿಕೊಂಡು, "ಚಾಸಿ ಬದಲಾಯಿಸಿದ್ದೀರಾ?" ಎಂದ.

"ಇಲ್ಲ, ಮೂಲದ್ದೇ. ಒಂದು ಕಡೆಯೂ ತೂತಿಲ್ಲ. ನೀವೇ ನೋಡಿದಿರಲ್ಲ."

"ಹಾಗಾದರೆ ಇನ್ನು ಮೇಲೆ ಬೀಳಬೇಕು ಅಂತಾಯಿತು" ಎಂದು ನಾನು ಹೇಳಿದ ಬೆಲೆಯಲ್ಲಿ ಕಾಲು ಭಾಗ ಕಡಿಮೆ ಮಾಡಿ ಕೇಳಿದ. ಮಾತಾಡುತ್ತಿದ್ದವನ ಕಣ್ಣು ರಸ್ತೆಯಾಚೆಯ ಟಕೋಮಾದ ಮೇಲೆ ಬಿತ್ತು. ಅದರ ಚಾಸಿ? ಬದಲಾಯಿಸಿದ್ದು ಎಂದೆ, ಸುಳ್ಳು ಹೇಳಲು ಬಾಯಿ ಬರಲಿಲ್ಲ. ಆತ ನನಗೆ ಥ್ಯಾಂಕ್ಸ್ ಹೇಳಿ ನೇರ ಆ ಕಡೆ ನಡೆದ.

ಸಂಜೆ ಮುದುಕ ಬಂದ. ತನ್ನ ಹಳೇ ಗಾಡಿಗೆ ಆ ಹುಡುಗ ಎಷ್ಟು ಕೊಡುತ್ತೇನೆಂದ ಎಂದು ಹೇಳಿದ. ನಾನು ಕೇಳಿಸಿಕೊಳ್ಳದವನ ಹಾಗೆ ಗುಲಾಬಿಗೆ ನೀರು ಬಿಡುತ್ತಿದ್ದೆ. ಮಾರಲಿಲ್ಲವಂತೆ. ಮಾರುವುದೂ ಇಲ್ಲವಂತೆ. ಹೊರಟವನು ಗೇಟಿನ ಬಳಿ ನಿಂತು, ಗಂಟಲು ಸರಿಮಾಡಿಕೊಂಡು, ಇನ್ನೊಂದು ಸಲ ಚಾಸಿ ಬದಲಾಯಿಸಿ ಕೊಡುವುದಿಲ್ಲ ಎಂದು ಡೀಲರು ಖಂಡಿತವಾಗಿ ಹೇಳಿದ್ದಾನೆ ಎಂದ.

"ಆ ಕುರಿ ಎಣ್ಣೆ ಹೊಡೆಯುವವನ ಫೋನ್ ನಂಬರು ನಿನ್ನ ಹತ್ತಿರ ಇರಬೇಕಲ್ಲ?"